ಮುಕ್ಕಾಲು ಸುತ್ತು

ಹಳೇ ವಿಡಿಯೊ ಕ್ಯಾಸೆಟ್ ಪ್ಲೇಯರ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಅದನ್ನು ತಾವೇ ಒಂದು ಸಲ ಕ್ಲೀನ್ ಮಾಡಿ ಕೆಡಿಸಿಕೊಂಡು ಬಂದಿರುತ್ತಾರೆ. ಉಳಿದ ಅರ್ಧ ಜನರೂ ಅದನ್ನೇ ಮಾಡಿರುತ್ತಾರೆ, ಆದರೆ ಮುಟ್ಟಿಲ್ಲವೆಂದು ಸುಳ್ಳು ಹೇಳುತ್ತಾರೆ. ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ಮೇಲೆ ಕೆಳಗೆ ತಿಕ್ಕಿರುತ್ತಾರೆ. ಯಂತ್ರದ ಒಳಗೆ ತಿರುಗುವ ಉರುಳೆಯ ಅಂಚಿನಲ್ಲಿ ಚಿತ್ರ ಓದುವ ಹೆಡ್ಡು ಇರುತ್ತದೆ. ಅದು ಸಾಸಿವೆಗಿಂತ ಸಣ್ಣದು. ಒಂದು ಸಲ ಮೇಲಿಂದ ಕೆಳಕ್ಕೆ ಎಳೆದರೆ ಅದರ ಕಥೆ ಮುಗಿಯಿತು. ಮೆತ್ತನೆಯ ಚರ್ಮದ ತುಂಡನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಉರುಳೆಗೆ ತಾಗಿಸಿ, ಸುಮ್ಮನೆ ಹಿಡಿದುಕೊಳ್ಳಬೇಕು. ಇನ್ನೊಂದು ಕೈಯಿಂದ ಉರುಳೆಯನ್ನು ನಿಧಾನವಾಗಿ ತಿರುಗಿಸಬೇಕು. ಇದನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಕೇಳಿದವರು ಮೂರು ಜನ, ಅವರಲ್ಲಿ ಒಬ್ಬ ತೀರಿಕೊಂಡ.

ಅಂಗಡಿ ಅಣ್ಣನದು. ಕ್ಲೀನಿಂಗ್ ನನ್ನ ಕೆಲಸ, ಜೋಡಣೆ ಅವನ ಕೆಲಸ. ಟೇಪು ಉರುಳೆಯನ್ನು ಸುತ್ತಿ ಹೋಗುವ ದಾರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕಂಬಗಳಿರುತ್ತವೆ. ಅವುಗಳ ತಲೆಯಲ್ಲಿ ತಿರುಪು. ಆ ತಿರುಪನ್ನು ತಿರುಗಿಸಿ ಕಂಬವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿದರೆ ಟೇಪು ನೆಟ್ಟಗೆ ಓಡುತ್ತದೆ. ಅಣ್ಣನಿಗೆ ಎಲ್ಲವೂ ನೆಟ್ಟಗಿರಬೇಕು. ಗೋಡೆಯ ಕ್ಯಾಲೆಂಡರು, ಮೇಜಿನ ಮೇಲಿನ ಸ್ಕ್ರೂಡ್ರೈವರು, ಎದುರಿಗೆ ಕೂತವನ ಬೆನ್ನು, ಎಲ್ಲವೂ. ಬೀದಿಯವರು ಅವನಿಗೆ ನೆಟ್ಟಗಪ್ಪ ಎಂದು ಹೆಸರಿಟ್ಟಿದ್ದಾರೆ. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದಾನೆ. ಚಿತ್ರ ಸರಿ ಬರದಿದ್ದರೆ ಟೇಪಿನದೇ ತಪ್ಪು, ಯಂತ್ರದ್ದಲ್ಲ, ಅವನು ಮುಟ್ಟಿದ ಯಂತ್ರದ್ದಂತೂ ಅಲ್ಲವೇ ಅಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂವತ್ತು ವರ್ಷ ಆ ಮೂರು ಕಾಲಿನ ಮೊಲದ ಜೊತೆ ನಾನೂ ಬಾಳಿದ್ದೇನೆ.

ಲಿಫ್ಟಿನವನು ಬಂದದ್ದು ಒಂದು ಬೆಳಗ್ಗೆ, ಅಂಗಡಿ ಇನ್ನೂ ಪೂರ್ತಿ ತೆರೆದಿರಲಿಲ್ಲ. ಲಿಫ್ಟು ರಿಪೇರಿ ಮಾಡುವ ಕಂಪನಿಯ ನೀಲಿ ಅಂಗಿ, ಮೊಣಕೈವರೆಗೂ ಗ್ರೀಸು, ವಯಸ್ಸು ಮೂವತ್ತೇಳೋ ಮೂವತ್ತೆಂಟೋ. ಬೆಡ್‌ಶೀಟಿನಲ್ಲಿ ಸುತ್ತಿದ ಪ್ಲೇಯರನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ಮೇಜಿನ ಮೇಲೆ ಇಳಿಸಿದ. ಅದರ ಮೇಲೆ ಒಂದೇ ಒಂದು ಕ್ಯಾಸೆಟ್ಟು.

"ನೀವು ಕ್ಲೀನ್ ಮಾಡಿದೀರಾ?" ಎಂದೆ.

"ಇಲ್ಲ ಅಕ್ಕಾ. ಗೊತ್ತಿಲ್ಲದ ಯಂತ್ರಕ್ಕೆ ಕೈ ಹಾಕಬಾರದು."

ಆಗಲೇ ನನಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು. ಹಾಗೆಲ್ಲ ಸುಲಭವಾಗಿ ಬರುವುದಿಲ್ಲ.

"ಶಬ್ದ ಬರದೇ ಇದ್ರೂ ಪರವಾಗಿಲ್ಲ," ಎಂದ. "ಚಿತ್ರ ಬೇಕು. ಚಿತ್ರದಲ್ಲೂ ಕೈ ಕಾಣಿಸಬೇಕು. ಅಷ್ಟು ಸಾಕು."

ಚಿತ್ರ ಹೋದರೂ ಶಬ್ದವಾದರೂ ಸಿಗಲಿ ಎಂದು ಬೇಡುವವರನ್ನೇ ನಾವು ನೋಡಿದ್ದು. ಇದೇನು ಉಲ್ಟಾ ಗಿರಾಕಿ ಎಂದು ಅಣ್ಣ ಕನ್ನಡಕ ಏರಿಸಿದ. ಲಿಫ್ಟಿನವನು ನಿಂತುಕೊಂಡೇ ಹೇಳಿದ.

ಅವನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಇರಲಿಲ್ಲ. ಮನೆಯಲ್ಲಿ ಮಾತೆಲ್ಲ ಕೈಯಲ್ಲೇ. ಇವನು ಐದು ವರ್ಷದವನಿದ್ದಾಗ ಆಕೆ ತೀರಿಕೊಂಡಳು. ಅಲ್ಲಿಂದಾಚೆಗೆ ಅಪ್ಪ ಯಾರೊಂದಿಗೂ ಕೈಯಲ್ಲಿ ಮಾತಾಡಲಿಲ್ಲ. ಇವನು ಕಲಿತದ್ದನ್ನೆಲ್ಲ ಮರೆತ. ಈಗ ಇವನ ಆರು ವರ್ಷದ ಮಗಳಿಗೂ ಕಿವಿ ಕೇಳುವುದಿಲ್ಲ. ಅಜ್ಜಿಯದು ಮೊಮ್ಮಗಳಿಗೆ ಬಂದಿದೆ. ಅವಳು ಹೋಗುವ ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇರುತ್ತದೆ. ಅಕ್ಷರ ಅಕ್ಷರ ಸೇರಿಸಿ ಹೆಸರು ಹೇಳುತ್ತಾ ಕೂತರೆ ಊಟದ ಹೊತ್ತು ಮೀರುತ್ತದಲ್ಲ, ಅದಕ್ಕೆ ಒಂದೇ ಸನ್ನೆ. ಮಗಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ, ಹಾಗಾಗಿ ಕೆನ್ನೆಗೆ ಬೆರಳಿಟ್ಟು ಒಮ್ಮೆ ತಿರುಗಿಸಿದರೆ ಅವಳು. ಕೈಹೆಸರನ್ನು ನಮಗೆ ನಾವೇ ಇಟ್ಟುಕೊಳ್ಳುವ ಹಾಗಿಲ್ಲ. ಕೈಯಲ್ಲಿ ಮಾತಾಡುವವರು ಕೊಡಬೇಕು.

"ಹನ್ನೊಂದು ದಿನ ಆಯ್ತು, ದಿನಾ ಕೇಳ್ತಾಳೆ, ಅಪ್ಪಾ ನಿನ್ನ ಕೈಹೆಸರೇನು ಅಂತ," ಎಂದ. "ತಾನೇ ಒಂದು ಇಡ್ತೀನಿ ಅಂದ್ಲು. ಬೇಡ ಅಂದೆ. ನನಗೆ ಒಂದಿದೆ, ನಮ್ಮಮ್ಮ ಇಟ್ಟಿದ್ದು. ದಿನಕ್ಕೆ ನೂರು ಸಲ ಕರೀತಿದ್ಲು. ಏನು ಮಾಡ್ತಿದ್ಲು ಅನ್ನೋದೇ ಮರೆತುಹೋಗಿದೆ ನೋಡಿ. ಕೈ ಸೋಪಿನ ವಾಸನೆ ಬರ್ತಿತ್ತು, ಅದು ಜ್ಞಾಪಕ ಇದೆ. ಕೈ ಹೇಗೆ ಆಡ್ತಿತ್ತು ಅನ್ನೋದಿಲ್ಲ."

"ನಿಮ್ಮಪ್ಪನ್ನ ಕೇಳಬೇಕಿತ್ತು," ಎಂದ ಅಣ್ಣ. ತನ್ನ ಮೂಗಿನ ನೇರಕ್ಕೆ ಮಾತಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ಅಪ್ಪ ಹೋದವರ್ಷ ಹೋದ್ರು. ಇದ್ದಾಗ ಕೇಳೋಕೆ ಧೈರ್ಯ ಬರಲಿಲ್ಲ."

ಕ್ಯಾಸೆಟ್ಟಿನಲ್ಲಿ ಇರುವುದು ಹನ್ನೆರಡು ನಿಮಿಷ. ಅಪ್ಪನ ಗೆಳೆಯನೊಬ್ಬ ಕ್ಯಾಮೆರಾ ತಂದು ಮನೆಯ ಹಿತ್ತಿಲಿನಲ್ಲಿ ಹಿಡಿದದ್ದು. ಸಂಜೆಗೇ, ರೆಕಾರ್ಡಿಂಗೂ ಆಗುವ ಈ ಪ್ಲೇಯರಿಗೆ ವೈರು ಸಿಕ್ಕಿಸಿ ಕಾಪಿ ಮಾಡಿಕೊಟ್ಟು, ಕ್ಯಾಮೆರಾದೊಳಗಿನ ಟೇಪಿನ ಮೇಲೆ ಇನ್ಯಾರದೋ ಮದುವೆ ಹಿಡಿದ. ಆಕೆಯ ಕೈ ಆಡುತ್ತಿರುವುದು ಲೋಕದಲ್ಲಿ ಇರುವುದು ಇದೊಂದರಲ್ಲೇ. ಉಳಿದದ್ದೆಲ್ಲ ಫೋಟೋ. ಫೋಟೋದಲ್ಲಿ ಕೈ ಮಾತಾಡುವುದಿಲ್ಲ.

ಸಂಜೆಗೆ ಬನ್ನಿ ಎಂದು ಕಳಿಸಿ ನಾನು ಕೆಲಸಕ್ಕೆ ಕೂತೆ. ಕ್ಯಾಸೆಟ್ಟು ಬಿಚ್ಚಿದೆ. ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಅದನ್ನು ಹಾಗೇ ಓಡಿಸಿದರೆ ಬೂಷ್ಟೆಲ್ಲ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಟೇಪೂ ಹರಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಟೇಪನ್ನು ಕೈಯಲ್ಲೇ ಸುತ್ತುತ್ತಾ, ಮೊಳ ಮೊಳವಾಗಿ ಒರೆಸಿದೆ. ಮಧ್ಯಾಹ್ನ ಅದರಲ್ಲೇ ಕಳೆಯಿತು. ಆಮೇಲೆ ಪ್ಲೇಯರು. ರಬ್ಬರಿನ ಗಾಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳೆಯುವ ರಬ್ಬರು ಟೇಪನ್ನು ಹಿಡಿಯುವುದಿಲ್ಲ, ಅದನ್ನು ಉಜ್ಜಿ ಮಂಕು ಮಾಡಿದೆ. ಸಡಿಲವಾದ ಬೆಲ್ಟು ಬದಲಿಸಿದೆ. ಉರುಳೆಯನ್ನು ಚರ್ಮದಲ್ಲಿ ಹಿಡಿದು ತಿರುಗಿಸಿದೆ. ಚರ್ಮಕ್ಕೆ ಕಂದು ಬಣ್ಣ ಹತ್ತುತ್ತಾ ಹತ್ತುತ್ತಾ ಆರನೆಯ ಸಲಕ್ಕೆ ಬಿಳಿಯಾಗಿಯೇ ಉಳಿಯಿತು.

ಸಂಜೆ ಅವನು ಬಂದು ಸ್ಟೂಲಿನ ಮೇಲೆ ಕೂತ. ಅಣ್ಣ ಕ್ಯಾಸೆಟ್ಟು ಹಾಕಿದ. ಟೀವಿಯಲ್ಲಿ ಮೊದಲು ಕಪ್ಪು, ಆಮೇಲೆ ಬೂದು, ಆಮೇಲೆ ಒಂದು ಹಿತ್ತಿಲು ಬಂತು. ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಒಬ್ಬ ಹೆಂಗಸು ನಗುತ್ತಿದ್ದಳು. ಹಣೆ, ಕಣ್ಣು ನೀರಿನಷ್ಟು ತಿಳಿಯಾಗಿ ಕಾಣುತ್ತಿದ್ದವು. ಮೂಗಿನಿಂದ ಕೆಳಗೆ ಮಾತ್ರ ಬಿಳಿ ಬಿಳಿ ಗೀರು, ಮರಳು ಸುರಿದ ಹಾಗೆ. ಗೀರುಗಳ ಹಿಂದೆ ಆಕೆಯ ಭುಜ ಮಸುಕಾಗಿ ಆಡುತ್ತಿತ್ತು. ಕೈ ಇರಬೇಕಾದಲ್ಲಿ ಮರಳು.

ಲಿಫ್ಟಿನವನು ಪರದೆಯ ಹತ್ತಿರ ಬಗ್ಗಿ, ಕೆಳಗಿನಿಂದ ಇಣುಕಿದರೆ ಕಂಡೀತೇನೋ ಎನ್ನುವಂತೆ ತಲೆ ವಾಲಿಸಿದ. ನಾನು ಮುಖ ತಿರುಗಿಸಿಕೊಂಡು ಸ್ಪಿರಿಟ್ಟಿನ ಬಾಟಲಿಗೆ ಮುಚ್ಚಳ ಹಾಕಿದೆ.

ಅಣ್ಣ ಚಿತ್ರ ಸರಿಪಡಿಸುವ ಗುಂಡಿ ತಿರುಗಿಸಿದ. ಮರಳು ಒಂದಿಷ್ಟು ಮೇಲೆ ಹೋಯಿತು, ಒಂದಿಷ್ಟು ಕೆಳಗೆ ಬಂತು, ಹೋಗಲಿಲ್ಲ. ತನ್ನ ಪರೀಕ್ಷೆಯ ಕ್ಯಾಸೆಟ್ಟು ಹಾಕಿದ. ಗೆರೆಗಳು ಮೇಲಿಂದ ಕೆಳಗಿನವರೆಗೆ ರೂಲುದೊಣ್ಣೆಯಷ್ಟು ನೇರ ಬಂದವು. ಅವನ ಮುಖ ಅರಳಿತು.

"ನೋಡಿ, ಯಂತ್ರ ನೆಟ್ಟಗಿದೆ. ನಿಮ್ಮ ಟೇಪು ಸೊಟ್ಟ. ಟೇಪು ಹೋಗಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಾನು ಗೊಣಗಿದೆ. ಯಾವ ಆಧಾರವೂ ಇಲ್ಲದೆ, ಅಭ್ಯಾಸ ಬಲದಿಂದ. ಅಣ್ಣ ಪ್ಲೇಯರಿನ ಮೇಲ್ಮುಚ್ಚಳವನ್ನು ಹಾಕಲು ಎತ್ತಿಕೊಂಡ, ಎತ್ತಿದವನು ಹಾಗೇ ನಿಂತ.

ಅವನಿಗೊಂದು ಚಾಳಿ ಇದೆ. ರಿಪೇರಿ ಮಾಡಿದ ಪ್ರತಿ ಯಂತ್ರದ ಮುಚ್ಚಳದ ಒಳಮೈಯಲ್ಲಿ ತಾರೀಖು ಹಾಕಿ, ಏನು ಮಾಡಿದೆ ಎಂದು ಪೆನ್ಸಿಲಿನಲ್ಲಿ ಬರೆಯುತ್ತಾನೆ. ಮುಚ್ಚಳ ಬಿಚ್ಚಿದ್ದು ನಾನು. ಒಳಮೈ ಕೆಳಗೆ ಮಾಡಿ ಮೂಲೆಗೆ ಇಟ್ಟಿದ್ದೆ, ನೋಡಿರಲಿಲ್ಲ. ಅವನ ಕೈಯಿಂದ ತೆಗೆದುಕೊಂಡು ಓದಿದೆ. ಇಪ್ಪತ್ತೆಂಟು ವರ್ಷದ ಹಿಂದಿನ ತಾರೀಖು. ಅಣ್ಣನದೇ ದುಂಡು ಅಕ್ಷರ. ‘ಬಲಗಡೆ ಕಂಬ ಮುಕ್ಕಾಲು ಸುತ್ತು ಮೇಲಿತ್ತು. ನೆಟ್ಟಗೆ ಮಾಡಿದೆ.’

ಒಳಗೆ ಬಗ್ಗಿ ನೋಡಿದೆ. ಬಲಗಂಬದ ತಿರುಪು ಅಲುಗದಿರಲಿ ಎಂದು ಮೇಲೆ ಒಂದು ಹನಿ ಉಗುರುಬಣ್ಣ ಹಾಕಿತ್ತು. ಇಟ್ಟಿಗೆ ಕೆಂಪು. ಆ ಕಾಲದಲ್ಲಿ ನಾನು ಹಚ್ಚಿಕೊಳ್ಳುತ್ತಿದ್ದ ಬಣ್ಣ, ಅಣ್ಣ ಕದ್ದು ಬಳಸುತ್ತಿದ್ದದ್ದು.

"ಇದು ಮುಂಚೆ ನಮ್ಮ ಹತ್ರ ಬಂದಿತ್ತಾ?" ಎಂದು ಲಿಫ್ಟಿನವನನ್ನು ಕೇಳಿದೆ.

"ಅಪ್ಪ ಎಲ್ಲೋ ಕೊಟ್ಟಿದ್ರು. ನನಗಾಗ ಒಂಬತ್ತು ವರ್ಷ. ಅಮ್ಮ ಇದ್ದಾಗಲೇ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು ಇದು, ಬಾಡಿಗೆ ಕ್ಯಾಸೆಟ್ಟು ಯಾವುದು ಹಾಕಿದ್ರೂ ಕೆಳಗಡೆ ಗೀರು. ರಿಪೇರಿ ಆಗಿ ಬಂತು, ಎಲ್ಲ ಚೆನ್ನಾಗಿ ಬಂತು. ಅವತ್ತು ಅಪ್ಪ ಇದನ್ನ ಹಾಕಿದ್ರು. ಅಮ್ಮ ಹೋದಮೇಲೆ ಅದೇ ಮೊದಲನೇ ಸಲ. ಅದೇ ಕೊನೇ ಸಲ. ಹೀಗೇ ಬಂತು, ಮರಳು. ಟೇಪು ಹಳೇದಾಯ್ತು ಅಂತ ಎತ್ತಿಟ್ಟುಬಿಟ್ರು."

"ಅಮ್ಮ ಇದ್ದಾಗ ಹಾಕಿದ್ರಾ?"

"ಆಗ ಚೆನ್ನಾಗೇ ಬರ್ತಿತ್ತಂತೆ."

ಇಷ್ಟು ಸಾಕಿತ್ತು. ನಾವಿಬ್ಬರೂ ಕಸುಬಿನವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಸೊಟ್ಟ ಕಂಬದ ಯಂತ್ರದಲ್ಲಿ ಬರೆದ ಟೇಪಿನ ಬರಹವೂ ಸೊಟ್ಟ. ಅದನ್ನು ಅದೇ ಸೊಟ್ಟಿನ ಯಂತ್ರ ಮಾತ್ರ ಓದಬಲ್ಲದು. ಯಂತ್ರ ನೆಟ್ಟಗಾದ ದಿನ ಆ ಟೇಪು ಅನಾಥವಾಯಿತು. ಒಬ್ಬ ಗಂಡ ಹೆಂಡತಿಯ ಕೈ ನೋಡಲು ನಾಲ್ಕು ವರ್ಷ ಧೈರ್ಯ ಕೂಡಿಸಿಕೊಂಡು ಕೂತಾಗ, ಆ ಕೈಯನ್ನು ಅಳಿಸಿಟ್ಟವರು ನಾವು. ಅಚ್ಚುಕಟ್ಟಾಗಿ ಅಳಿಸಿದ್ದೆವು, ಮೇಲೆ ನನ್ನ ಉಗುರುಬಣ್ಣದ ಮುದ್ರೆ ಬೇರೆ. ನನಗೆ ನಾಚಿಕೆಯಾಯಿತು. ಇದನ್ನೆಲ್ಲ ಲಿಫ್ಟಿನವನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಅಣ್ಣ ಇಂಗು ತಿಂದ ಮಂಗನಂತೆ ಕೂತಿದ್ದ.

"ಹಾಗಾದ್ರೆ ಮತ್ತೆ ಮುಕ್ಕಾಲು ಸುತ್ತು ಎತ್ತಿದ್ರೆ ಆಯ್ತಲ್ಲ?" ಎಂದ ಲಿಫ್ಟಿನವನು.

"ಬೇಕೂಂತ ಸೊಟ್ಟ ಮಾಡೋದಾ?" ಅಣ್ಣನ ಧ್ವನಿ ಏರಿತು. "ನಾಳೆ ಯಾರಾದ್ರೂ ಬಿಚ್ಚಿ ನೋಡಿದ್ರೆ ಯಾವ ದಡ್ಡ ಮಾಡಿದ್ದು ಇದು ಅಂತಾರೆ."

"ಯಾರು ಬಿಚ್ಚೋರು?" ಎಂದೆ. "ಇದನ್ನ ಬಿಚ್ಚೋ ದಡ್ಡರು ಊರಲ್ಲಿ ಉಳಿದಿರೋದು ನಾವಿಬ್ರೇ."

"ಅದಲ್ಲ. ಕಂಬ ಸೊಟ್ಟ ಇದ್ರೆ ಟೇಪಿನ ಅಂಚು ಮಡಚುತ್ತೆ. ಮೂವತ್ತು ವರ್ಷದ ಟೇಪು. ಹರಿದ್ರೆ? ಇರೋ ಅರ್ಧ ಮುಖಾನೂ ಹೋಗುತ್ತೆ."

ಅದು ನಿಜ. ಹಠಮಾರಿಗಳ ತೊಂದರೆ ಏನೆಂದರೆ, ನಡುನಡುವೆ ಅವರು ನಿಜವನ್ನೂ ಹೇಳಿಬಿಡುತ್ತಾರೆ.

ಲಿಫ್ಟಿನವನು ಕೈಯ ಗ್ರೀಸನ್ನು ಇನ್ನೊಂದು ಕೈಯಿಂದ ಒರೆಸಿಕೊಂಡ. ಆಮೇಲೆ, "ಅಣ್ಣಾ, ನಾನು ನೋಡಿಕೊಳ್ಳೋ ಕಟ್ಟಡಗಳಲ್ಲಿ ಒಂದು ತುಂಬ ಹಳೇದು," ಎಂದ. "ಒಂದು ಕಡೆ ಕುಸಿದಿದೆ. ನಕ್ಷೆ ಪ್ರಕಾರ ಲಿಫ್ಟು ನಿಲ್ಲಿಸಿದ್ರೆ ಬಾಗಿಲು ತೆಗೆದಾಗ ನೆಲ ನಾಲ್ಕು ಬೆರಳು ಕೆಳಗೆ. ಒಬ್ಬರು ಅಜ್ಜಿ ಎಡವಿ ಬಿದ್ರು. ಆಮೇಲಿಂದ ನಾನು ನಕ್ಷೆ ನೋಡೋದಿಲ್ಲ. ನೆಲ ಎಲ್ಲಿದೆಯೋ ಅಲ್ಲಿ ನಿಲ್ಲಿಸ್ತೀನಿ. ಜನ ಇಳಿಯೋದು ನೆಲಕ್ಕೆ, ನಕ್ಷೆಗಲ್ಲ."

ಅಣ್ಣ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ, ಅದು ನೆಟ್ಟಗೇ ಇತ್ತು. ಕೊನೆಗೆ, "ನಾಳೆ ನಾಲ್ಕು ಗಂಟೆಗೆ ಬನ್ನಿ," ಎಂದ. "ಮಗೂನೂ ಕರ್ಕೊಂಡು ಬನ್ನಿ. ಒಂದೇ ಸಲ ಓಡಿಸೋದು. ಓಡ್ತಾ ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ. ಎರಡನೇ ಸಲ ಕೇಳಬೇಡಿ."

ಮರುದಿನ ಮಗಳು ಬಂದಳು. ಕೆನ್ನೆಯ ಗುಳಿಯಲ್ಲಿ ಒಂದು ಕಡಲೆಕಾಳು ಇಡಬಹುದಿತ್ತು. ಬಂದು ಐದು ನಿಮಿಷದಲ್ಲಿ ಅಣ್ಣನಿಗೆ ಕೈಹೆಸರು ಇಟ್ಟಳು: ಎರಡು ಬೆರಳಿನಿಂದ ಹುಬ್ಬುಗಳನ್ನು ಹತ್ತಿರ ತಂದು ಗಂಟು ಹಾಕುವುದು. ನಾನು ನಕ್ಕದ್ದಕ್ಕೆ ಅಣ್ಣ ಹುಬ್ಬು ಗಂಟಿಕ್ಕಿದ, ಅವಳು ಮತ್ತೆ ಅದನ್ನೇ ಮಾಡಿ ತೋರಿಸಿದಳು. ಆಮೇಲೆ ಅಪ್ಪನ ಕಡೆ ಬೆರಳು ಮಾಡಿ ಅಂಗೈ ಮೇಲೆತ್ತಿದಳು. ನಿನ್ನದೆಲ್ಲಿ ಎಂದು ನನಗೂ ಅರ್ಥವಾಯಿತು. ಅವನು ಟೀವಿಯ ಕಡೆ ಕೈ ತೋರಿಸಿದ.

ಅಣ್ಣ ಉಗುರುಬಣ್ಣವನ್ನು ಸೂಜಿಯಿಂದ ಕೆರೆದು ತೆಗೆದ. ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟ. ತೆಗೆದು, ತುದಿಯನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟ. ಅವನು ಒಂದೇ ತಿರುಪಿಗೆ ಎರಡು ಸಲ ಸ್ಕ್ರೂಡ್ರೈವರ್ ಇಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು, ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ಬೇಡದ ಒಂದು ಖಾಲಿ ಟೇಪನ್ನು ಓಡಲು ಬಿಟ್ಟು ಕಾಲು ಸುತ್ತು ತಿರುಗಿಸಿದ. ಅರ್ಧ. ನಾನು ಟಾರ್ಚು ಹಿಡಿದು ಟೇಪಿನ ಅಂಚು ನೋಡುತ್ತಿದ್ದೆ. ಮಡಚಲಿಲ್ಲ. ಮುಕ್ಕಾಲಿಗೆ ಅಂಚು ಒಂದು ಚೂರು ಮುದುರಿತು. ಕೂದಲಿನಷ್ಟು ಹಿಂದಕ್ಕೆ ತಂದ. ನೆಟ್ಟಗಾಯಿತು.

"ಹಾಕು," ಎಂದ.

ನಾನು ಕ್ಯಾಸೆಟ್ಟು ಹಾಕಿದೆ.

ಹಿತ್ತಿಲು ಬಂತು, ಹಗ್ಗ ಬಂತು, ಹೆಂಗಸು ಬಂದಳು. ಮರಳು ಅವಳ ಸೊಂಟದವರೆಗೂ ಇತ್ತು. ಅಣ್ಣ ಉಸಿರು ಹಿಡಿದು ತಿರುಪನ್ನು ಇಷ್ಟೇ ಇಷ್ಟು ಮುಟ್ಟಿದ. ಮರಳು ಪರದೆಯ ಕೆಳಗಿನ ಅಂಚಿಗೆ ಸರಿದು ಮಾಯವಾಯಿತು. ಒದ್ದೆ ಕೈಗಳು. ಬಟ್ಟೆ ಹಿಂಡಿ ಕೊಡವುತ್ತಿದ್ದವು. ಉಗುರಿನವರೆಗೂ ಕಾಣುತ್ತಿತ್ತು.

ಚಿತ್ರದ ಮೂಲೆಯಲ್ಲಿ ಚಡ್ಡಿ ಹಾಕಿದ ಒಬ್ಬ ಹುಡುಗ ಬಕೆಟ್ಟಿನ ನೀರಿನಲ್ಲಿ ಆಡುತ್ತಿದ್ದ. ಆಕೆ ನೆಲಕ್ಕೆ ಕಾಲಿನಿಂದ ಒದ್ದಳು. ಅವನು ತಿರುಗಿ ನೋಡಿದ. ಆಕೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ತೋರುಬೆರಳನ್ನು ಮೂಗಿನ ಕೆಳಗೆ ಅಡ್ಡ ಇಟ್ಟು ಸರ್ರನೆ ಪಕ್ಕಕ್ಕೆ ಎಳೆದಳು. ಆಮೇಲೆ ಅದೇ ಅಂಗೈಯನ್ನು ತನ್ನ ಎದೆಗೆ ತಟ್ಟಿದಳು. ಹುಡುಗ ಓಡಿ ಬಂದ. ಹನ್ನೆರಡು ನಿಮಿಷದಲ್ಲಿ ಆಕೆ ಮೂರು ಸಲ ಹಾಗೆ ಮಾಡಿದಳು, ಮೂರು ಸಲವೂ ಅವನು ಓಡಿ ಬಂದ.

ಟೇಪು ಮುಗಿಯಿತು. ಹರಿಯಲಿಲ್ಲ.

"ಗೊಣ್ಣೆಬುರುಕ," ಎಂದ ಲಿಫ್ಟಿನವನು. "ನನ್ನ ಗೊಣ್ಣೆಬುರುಕ ಅಂತ." ಜೋರಾಗಿ ನಕ್ಕ. ನಾನೂ ನಕ್ಕೆ. ಅಣ್ಣ ಕಂಪ್ಯೂಟರಿನಲ್ಲಿ ಇಳಿದಿದೆಯೋ ಇಲ್ಲವೋ ಎಂದು ನೋಡುವ ನೆಪದಲ್ಲಿ ಬೆನ್ನು ಮಾಡಿ ಕೂತ.

ಇಳಿದಿತ್ತು. ಲಿಫ್ಟಿನವನು ಆ ಮೂರು ಜಾಗಗಳನ್ನೇ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ. ನೋಡುತ್ತಾ ನೋಡುತ್ತಾ ಅವನ ನಗು ಇಳಿಯಿತು.

"ನೋಡಿದ ತಕ್ಷಣ ಜ್ಞಾಪಕ ಬರುತ್ತೆ ಅಂದುಕೊಂಡಿದ್ದೆ ಅಕ್ಕಾ," ಎಂದ. "ಬರ್ತಿಲ್ಲ. ಬೇರೆ ಯಾರದೋ ಮಗನ್ನ ಕರೆದ ಹಾಗಿದೆ."

ಯಂತ್ರವನ್ನು ಹೇಗೆ ತಿರುಚಬೇಕೆಂದು ನಮಗೆ ಗೊತ್ತು, ಮನುಷ್ಯನ ತಲೆಯಲ್ಲಿ ಯಾವ ತಿರುಪು ಎಲ್ಲಿದೆಯೋ. ಅಣ್ಣ ಮುಚ್ಚಳ ಎತ್ತಿಕೊಂಡು ಹಳೇ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ‘ಸೊಟ್ಟ ಮಾಡಿದೆ. ಸರಿಯಾಗಿದೆ’ ಎಂದು ಬರೆದ. ಲಿಫ್ಟಿನವನು ತಲೆ ತಗ್ಗಿಸಿಕೊಂಡು ಬೆಡ್‌ಶೀಟನ್ನು ಮಡಚತೊಡಗಿದ.

ಮಗಳಿಗೆ ಬೇಸರ ಬಂದಿತ್ತು. ಅಂಗಡಿಯ ಬಾಗಿಲಿಗೆ ಹೋಗಿ ನಿಂತಿದ್ದಳು. ಹೊರಗೆ ಶಾಲೆ ಬಿಟ್ಟ ಮಕ್ಕಳು ಹೋಗುತ್ತಿದ್ದರು, ಅವಳಿಗೂ ಮನೆಗೆ ಹೋಗಬೇಕಿತ್ತು. ಹೊಸ್ತಿಲಿಗೆ ಕಾಲಿನಿಂದ ಒದ್ದಳು. ಹಲಗೆ ಸದ್ದಾಯಿತು, ಅವನು ತಲೆ ಎತ್ತಿದ. ಅವಳು ತೋರುಬೆರಳನ್ನು ಮೂಗಿನ ಕೆಳಗೆ ಇಟ್ಟು ಸರ್ರನೆ ಎಳೆದು, ಅಂಗೈಯನ್ನು ತನ್ನ ಪುಟ್ಟ ಎದೆಗೆ ತಟ್ಟಿದಳು.

"ಓ," ಎಂದ ಅವನು.

ಬಾಯಿಬಿಟ್ಟು, ಗಟ್ಟಿಯಾಗಿ, ಅಂಗಡಿಗೆಲ್ಲ ಕೇಳುವ ಹಾಗೆ ಓಗೊಟ್ಟ. ಅವಳಿಗೆ ಅದು ಕೇಳಿಸುವುದಿಲ್ಲ ಎನ್ನುವುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ. ಬೆಡ್‌ಶೀಟನ್ನು ಅರ್ಧಕ್ಕೇ ಬಿಟ್ಟು, ಪ್ಲೇಯರನ್ನೂ ಕ್ಯಾಸೆಟ್ಟನ್ನೂ ನಮ್ಮ ಮೇಜಿನ ಮೇಲೇ ಬಿಟ್ಟು, ಅವಳ ಕಡೆ ಓಡಿದ.